ಸಂಬಳವಿಲ್ಲದ ಸೇವೆ: ಪಕ್ಷಿವಿಜ್ಞಾನಿ ಸಲೀಂ ಅಲಿ

ಸೇವೆ ಎಂಬ ಪದವನ್ನು ನಾವು ಸಾಮಾನ್ಯವಾಗಿ ಮನುಷ್ಯರ ನಡುವಿನ ಸಂಬಂಧಕ್ಕಷ್ಟೇ ಮೀಸಲಿಡುತ್ತೇವೆ. ಹಸಿದವನಿಗೆ ಅನ್ನ, ರೋಗಿಗೆ ಆರೈಕೆ, ಅನಾಥನಿಗೆ ಆಸರೆ, ಅಜ್ಞಾನಿಗೆ ಅಕ್ಷರ - ಇವು ಸೇವೆಯೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಬೆಳಗಿನ ಚಳಿಯಲ್ಲಿ ಕೆರೆಯ ದಂಡೆಯ ಮೇಲೆ ನಿಂತು ನೀರುಹಕ್ಕಿಗಳನ್ನು ಎಣಿಸುವವನನ್ನು ಕಂಡರೆ ಮಾಡಲು ಬೇರೆ ಕೆಲಸವಿಲ್ಲದವನೆಂದು ನಗುವವರೇ ಹೆಚ್ಚು. ಆತನಿಗೆ ಯಾರೂ ಕೂಲಿ ಕೊಡುವುದಿಲ್ಲ; ಆತನ ಎಣಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹಾಗಿದ್ದಲ್ಲಿ ಅದು ಸೇವೆಯೇ, ಅಥವಾ ಕೇವಲ ಹವ್ಯಾಸವೇ?

ಈ ಪ್ರಶ್ನೆಗೆ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ ಒಂದು ಜೀವನಚರಿತ್ರೆಯಿಂದ ಹುಡುಕುವುದು ಸುಲಭ. ಅದು ಭಾರತದ ಪಕ್ಷಿಗಳನ್ನು ಭಾರತೀಯರಿಗೆ ಪರಿಚಯಿಸಿದ ಡಾ. ಸಲೀಂ ಅಲಿಯವರ ಜೀವನ. ಅವರ ಹುಟ್ಟುಹಬ್ಬವಾದ ನವೆಂಬರ್ 12ನ್ನು ದೇಶದ ಪಕ್ಷಿಪ್ರೇಮಿಗಳು ಇಂದಿಗೂ ನೆನೆಯುತ್ತಾರೆ.

ಬಿದ್ದ ಗುಬ್ಬಿ

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ದೊಡ್ಡ ಕುಟುಂಬವೊಂದರ ಕಿರಿಯ ಮಗನಾಗಿ ಜನಿಸಿದರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ, ಮೂರು ವರ್ಷದವರಾಗಿದ್ದಾಗ ತಾಯಿಯನ್ನೂ ಕಳೆದುಕೊಂಡರು. ತಬ್ಬಲಿ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರೂ, ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಅವರೂ ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿ ಬೆಳೆಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಗಾಂಧೀಜಿಯವರ ಸಂಗಡಿಗರಾಗಿದ್ದ ಅಬ್ಬಾಸ್ ತ್ಯಾಬ್ಜಿಯವರು ಇದೇ ಬಂಧುವರ್ಗದವರು.

ಅಂದಿನ ಸ್ಥಿತಿವಂತರ ಮನೆಗಳಲ್ಲಿ ಬೇಟೆ ಗೌರವದ ವಿನೋದವಾಗಿತ್ತು. ಹತ್ತು ವರ್ಷದ ಆಸುಪಾಸಿನ ಬಾಲಕ ಸಲೀಂ ತನ್ನ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದುರುಳಿಸಿದ. ಹತ್ತಿರ ಹೋಗಿ ನೋಡಿದರೆ ಅದು ಮನೆಯ ಸೂರಿನ ಸಾಮಾನ್ಯ ಗುಬ್ಬಿಯಲ್ಲ. ಅದರ ಕಂಠದ ಮೇಲೆ ಹಳದಿ ಮಚ್ಚೆಯಿತ್ತು. ಇದು ಯಾವ ಹಕ್ಕಿ ಎಂದು ಬಾಲಕ ಮಾವನನ್ನು ಕೇಳಿದ. ಮಾವನಿಗೆ ತಿಳಿಯದು. ಅವರು ಹುಡುಗನನ್ನು ಗದರಿಸಿ ಸುಮ್ಮನಾಗಿಸಲಿಲ್ಲ, ತಿಳಿದವರಲ್ಲಿಗೆ ಕಳುಹಿಸಿದರು. 1883ರಲ್ಲಿ ಎಂಟು ಮಂದಿ ಹವ್ಯಾಸಿಗಳು ಸೇರಿ ಸ್ಥಾಪಿಸಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಆಗ ಡಬ್ಲ್ಯು. ಎಸ್. ಮಿಲ್ಲರ್ಡ್ ಎಂಬ ಆಂಗ್ಲರು ಕಾರ್ಯದರ್ಶಿಗಳಾಗಿದ್ದರು. ಕಾಗದದಲ್ಲಿ ಸುತ್ತಿದ ಸತ್ತ ಗುಬ್ಬಿಯನ್ನು ಹಿಡಿದು ಅಳುಕುತ್ತ ಬಂದ ಭಾರತೀಯ ಬಾಲಕನನ್ನು ಮಿಲ್ಲರ್ಡ್ ಆದರದಿಂದ ಬರಮಾಡಿಕೊಂಡರು. ಹಕ್ಕಿಯ ಹೆಸರು ಹೇಳಿದರು; ಬೀರುಗಳನ್ನು ತೆರೆದು ಸಂಗ್ರಹದಲ್ಲಿದ್ದ ನೂರಾರು ಪಕ್ಷಿಗಳನ್ನು ತೋರಿಸಿದರು; ಓದಲು ಪುಸ್ತಕ ಕೊಟ್ಟರು; ಸತ್ತ ಹಕ್ಕಿಯ ಚರ್ಮ ಸುಲಿದು ಕೆಡದಂತೆ ಕಾಯ್ದಿಡುವ ವಿದ್ಯೆಯನ್ನು ಕಲಿಸಿದರು. ಆ ಒಂದು ಭೇಟಿಯಿಂದ ಒಂದು ಬಾಳಿನ ದಿಕ್ಕು ನಿರ್ಧಾರವಾಯಿತು.

ಸುಮಾರು ಎಂಬತ್ತು ವರ್ಷಗಳ ನಂತರ, 1985ರಲ್ಲಿ, ಸಲೀಂ ಅಲಿಯವರು ತಮ್ಮ ಆತ್ಮಕಥೆಗೆ ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು. ಕಾಸಿಗೆರಡರಂತೆ ಮಾರುವ ಗುಬ್ಬಿಯೂ ಪರಮಪಿತನ ಅರಿವಿಲ್ಲದೆ ನೆಲಕ್ಕೆ ಬೀಳುವುದಿಲ್ಲವೆಂಬ ಶುಭಸಂದೇಶದ ಮಾತನ್ನು ಬಲ್ಲ ಓದುಗರಿಗೆ ಆ ಶೀರ್ಷಿಕೆ ಕೂಡಲೇ ಮನಮುಟ್ಟುತ್ತದೆ. ಆದರೆ ಸಲೀಂ ಅಲಿಯವರು ರೂಢಿಯ ಅರ್ಥದಲ್ಲಿ ಧಾರ್ಮಿಕರಾಗಿರಲಿಲ್ಲ. ಅರ್ಥವರಿಯದೆ ನಡೆಸುವ ಪ್ರಾರ್ಥನೆ, ತೋರಿಕೆಯ ಆಚರಣೆಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಈ ಅಭಿಪ್ರಾಯವನ್ನು ಅವರು ಮುಚ್ಚಿಡಲೂ ಇಲ್ಲ. ದೇವರ ಹೆಸರನ್ನು ಸದಾ ಉಚ್ಚರಿಸುವ ನಮ್ಮಂಥವರು ಕಾಲಡಿಯ ಗುಬ್ಬಿಯನ್ನು ಕಾಣದೆ ನಡೆದುಹೋಗುವಾಗ, ಹಾಗೆ ಉಚ್ಚರಿಸದ ಒಬ್ಬರು ಬಿದ್ದ ಗುಬ್ಬಿಯ ಮುಂದೆ ಬಗ್ಗಿ ಕುಳಿತರೆಂಬುದು ನಾವು ಆಲೋಚಿಸಬೇಕಾದ ಸಂಗತಿ.

ಪದವಿಯಿಲ್ಲದ ಪಂಡಿತ

ವಿದ್ಯಾಭ್ಯಾಸದಲ್ಲಿ ಸಲೀಂ ಮುಂದಿರಲಿಲ್ಲ. ಮುಂಬಯಿಯ ಸಂತ ಕ್ಸೇವಿಯರ್ ಶಾಲೆಯಲ್ಲಿ ಓದುತ್ತಿದ್ದಾಗ ತೀವ್ರ ತಲೆನೋವು ಕಾಡಿ, ಒಣ ಹವೆಗೆಂದು ಅವರನ್ನು ಸಿಂಧ್ ಪ್ರಾಂತಕ್ಕೆ ಕಳುಹಿಸಬೇಕಾಯಿತು. 1913ರಲ್ಲಿ ಹೇಗೋ ಮೆಟ್ರಿಕ್ಯುಲೇಷನ್ ದಾಟಿದರು. ಕಾಲೇಜಿನ ಮೊದಲ ವರ್ಷವೇ ಕಠಿಣವೆನಿಸಿ, ಅದನ್ನು ಬಿಟ್ಟು ಮನೆತನದ ಟಂಗ್‌ಸ್ಟನ್ ಅದಿರಿನ ಗಣಿ ಮತ್ತು ಮರಮುಟ್ಟಿನ ವ್ಯವಹಾರ ನೋಡಿಕೊಳ್ಳಲು ಬರ್ಮಾದ ತವೋಯ್‌ಗೆ ತೆರಳಿದರು. ಅಲ್ಲಿ ಲೆಕ್ಕದ ಪುಸ್ತಕಕ್ಕಿಂತ ಸುತ್ತಲಿನ ಕಾಡೇ ಅವರನ್ನು ಹೆಚ್ಚು ಸೆಳೆಯಿತು.

1917ರಲ್ಲಿ ಮರಳಿ ಬಂದವರು ಬದುಕಿಗೆ ಬೇಕೆಂದು ದಾವರ್ ವಾಣಿಜ್ಯ ಕಾಲೇಜಿನಲ್ಲಿ ಲೆಕ್ಕಪತ್ರ ಮತ್ತು ವಾಣಿಜ್ಯ ಕಾನೂನು ಕಲಿಯತೊಡಗಿದರು. ಈ ಹಂತದಲ್ಲಿ ಅವರ ಒಳಗಿನ ನಿಜವಾದ ಒಲವನ್ನು ಗುರುತಿಸಿದವರು ಸಂತ ಕ್ಸೇವಿಯರ್ ಕಾಲೇಜಿನ ಯೇಸುಸಭೆಯ ಗುರು ಫಾದರ್ ಎಥೆಲ್ಬರ್ಟ್ ಬ್ಲಾಟರ್. ಸ್ವಿಟ್ಜರ್ಲೆಂಡಿನಿಂದ ಬಂದ ಈ ಧರ್ಮಗುರು ಸ್ವತಃ ಶ್ರೇಷ್ಠ ಸಸ್ಯವಿಜ್ಞಾನಿ. ಒಣಗಿಸಿಟ್ಟ ಸಸ್ಯಗಳ ಬೃಹತ್ ಸಂಗ್ರಹವೊಂದು ಇಂದಿಗೂ ಆ ಕಾಲೇಜಿನಲ್ಲಿ ಅವರ ಹೆಸರಿನಲ್ಲಿಯೇ ಇದೆ. ಅವರ ಒತ್ತಾಸೆಯಿಂದ ಸಲೀಂ ಬೆಳಿಗ್ಗೆ ವಾಣಿಜ್ಯದ ತರಗತಿಗೂ, ಅನಂತರ ಪ್ರಾಣಿಶಾಸ್ತ್ರದ ತರಗತಿಗೂ ಹೋಗಿ ಎರಡನೆಯದರ ಪಠ್ಯಕ್ರಮವನ್ನು ಮುಗಿಸಿದರು. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಬೇಗಂ ಅವರೊಡನೆ ವಿವಾಹವಾಯಿತು.

ಆದರೂ ವಿಶ್ವವಿದ್ಯಾಲಯದ ಪದವಿ ಕೈಯಲ್ಲಿರಲಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ಪಕ್ಷಿತಜ್ಞನ ಹುದ್ದೆ ಆ ಕಾರಣಕ್ಕೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಮಾರ್ಗದರ್ಶಿ ಉಪನ್ಯಾಸಕನ ಕೆಲಸ ಸಿಕ್ಕಿತು. ಎರಡು ವರ್ಷಗಳ ನಂತರ ರಜೆ ಪಡೆದು ಜರ್ಮನಿಗೆ ಹೋಗಿ ಬರ್ಲಿನ್ನಿನ ಪ್ರೊಫೆಸರ್ ಎರ್ವಿನ್ ಸ್ಟ್ರೆಸೆಮಾನ್ ಅವರಲ್ಲಿ ಆಧುನಿಕ ಪಕ್ಷಿವಿಜ್ಞಾನವನ್ನು ಅಭ್ಯಸಿಸಿದರು. ಪೆಟ್ಟಿಗೆಯಲ್ಲಿಟ್ಟ ಸತ್ತ ಹಕ್ಕಿಯ ಅಳತೆಯಷ್ಟೇ ವಿಜ್ಞಾನವಲ್ಲ, ಜೀವಂತ ಹಕ್ಕಿಯ ನಡೆನುಡಿಯೂ ವಿಜ್ಞಾನವೆಂಬ ದೃಷ್ಟಿ ಅವರಿಗೆ ಅಲ್ಲಿ ದೃಢವಾಯಿತು. 1930ರಲ್ಲಿ ತಾಯ್ನಾಡಿಗೆ ಮರಳಿದಾಗ ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು.

ಮೂವತ್ತಮೂರು ದಾಟಿದ ವಯಸ್ಸು, ಸಂಸಾರವಿದೆ, ಉದ್ಯೋಗವಿಲ್ಲ. ದಂಪತಿಗಳು ಮುಂಬಯಿಯ ಖರ್ಚು ತಾಳಲಾರದೆ ಸಮುದ್ರತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದಲ್ಲೇ ಗೀಜಗಗಳು ಗೂಡು ನೇಯುತ್ತಿದ್ದವು. ನಮ್ಮ ಹೊಲದ ಬಾವಿಗಳ ಮೇಲೆ ತೂಗುವ ಈ ಗೂಡುಗಳನ್ನು ಕಾಣದವರು ಯಾರು? ಆದರೆ ಸಲೀಂ ಅಲಿಯವರಷ್ಟು ತಾಳ್ಮೆಯಿಂದ ಕಂಡವರು ಅದುವರೆಗೆ ಇರಲಿಲ್ಲ. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಹೆಣ್ಣೊಂದು ಒಪ್ಪಿದ ಮೇಲೆಯೇ ಗಂಡು ಅದನ್ನು ಪೂರ್ಣಗೊಳಿಸುತ್ತದೆ. ಅನಂತರ ಮತ್ತೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಕ್ರಮವನ್ನು ಮೊದಲಿಗೆ ಸ್ಪಷ್ಟವಾಗಿ ದಾಖಲಿಸಿದವರು ಕೆಲಸ ಕಳೆದುಕೊಂಡ ಆ ಗೃಹಸ್ಥರೇ. ಅವರ ಹೆಸರು ವಿಜ್ಞಾನಲೋಕದಲ್ಲಿ ಮನ್ನಣೆ ಪಡೆದದ್ದು ಆ ಲೇಖನದಿಂದ.

ಖರ್ಚು ನಿಮ್ಮದು, ದುಡಿಮೆ ನನ್ನದು

ಇಲ್ಲಿಂದ ಅವರ ಜೀವನದ ಬಹುಮುಖ್ಯ ತಿರುವು. ದೇಶೀಯ ಸಂಸ್ಥಾನಗಳಲ್ಲಿ ಯಾವ ಯಾವ ಪಕ್ಷಿಗಳಿವೆಯೆಂಬ ಕ್ರಮಬದ್ಧ ಸಮೀಕ್ಷೆ ಅದುವರೆಗೆ ನಡೆದಿರಲಿಲ್ಲ. ಸಲೀಂ ಅಲಿಯವರು ಸೊಸೈಟಿಯ ಮೂಲಕ ಒಂದು ಪ್ರಸ್ತಾಪವನ್ನು ಮುಂದಿಟ್ಟರು: ಡೇರೆ, ಪ್ರಯಾಣ, ಸಹಾಯಕರ ವೆಚ್ಚವನ್ನಷ್ಟೇ ಸಂಸ್ಥಾನ ವಹಿಸಲಿ, ತಮಗೆ ಸಂಬಳ ಬೇಡ. ಹೀಗೆ 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಸಮೀಕ್ಷೆ ನಡೆಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ಅವುಗಳ ಪೂರ್ವದ ಎಲ್ಲೆ ದಾಟಿದರೆ ನಿಜಾಮರ ಸೀಮೆ. ನಾವು ಕಾಣುವ ಎರೆ ಬಯಲು, ಜಾಲಿಯ ಗಿಡ, ಭೀಮಾ-ಕೃಷ್ಣೆಯರ ನೀರು ಎರಡೂ ಕಡೆ ಒಂದೇ ಆಗಿದ್ದು, ಹಕ್ಕಿಗಳಿಗೆ ಆ ಗಡಿಯ ಪರಿವೆ ಇರಲಿಲ್ಲ. ಮುಂದೆ ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೂರು, ಭೋಪಾಲ್ ಸಂಸ್ಥಾನಗಳ ಸರದಿ ಬಂದಿತು.

ಈ ಅಲೆದಾಟದಲ್ಲಿ ಪತ್ನಿ ತೆಹ್ಮಿನಾ ಜೊತೆಗಿದ್ದರು. ಇಂಗ್ಲೆಂಡಿನಲ್ಲಿ ಬೆಳೆದು ಸುಖಜೀವನಕ್ಕೆ ಒಗ್ಗಿದ್ದ ಆ ಮಹಿಳೆ ಡೇರೆಯ ಬದುಕನ್ನು ಗೊಣಗದೆ ಸ್ವೀಕರಿಸಿ ಪತಿಯ ಕೆಲಸಕ್ಕೆ ಹೆಗಲು ಕೊಟ್ಟರು. 1939ರಲ್ಲಿ ಸಾಮಾನ್ಯವೆನಿಸಿದ ಒಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ; ತಂಗುದಾಣವೆಂದರೆ ಸೋದರಿ ಕಮ್ಮೂ ಮತ್ತು ಭಾವನ ಮನೆ, ಅದನ್ನು ಬಿಟ್ಟರೆ ಕಾಡು.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಈ ವಿಯೋಗದ ಬೆನ್ನಿಗೇ, 1939-40ರ ಚಳಿಗಾಲದಲ್ಲಿ. ದುಃಖದಲ್ಲಿದ್ದವರು ಮನೆಯಲ್ಲಿ ಕೂರದೆ ನಮ್ಮ ನಾಡಿನ ಕಾಡು, ಬೆಟ್ಟ, ಹೊಳೆಗಳನ್ನು ಸುತ್ತಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಒಡ್ಡಿನಿಂದ ಕೆಲವು ತಿಟ್ಟುಗಳು ಉಂಟಾಗಿದ್ದವು. ಅಲ್ಲಿ ಬಾಯ್ಕಳಕ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಕೆಂಬರಲು, ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮರಿಮಾಡುವುದನ್ನು ಕಂಡ ಸಲೀಂ ಅಲಿಯವರು ಆ ಸ್ಥಳಕ್ಕೆ ರಕ್ಷಣೆ ನೀಡುವಂತೆ ಒಡೆಯರ ಸರಕಾರವನ್ನು ಒತ್ತಾಯಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಅಲ್ಲಿ ದೋಣಿಯಲ್ಲಿ ವಿಹರಿಸುವ ಲಕ್ಷಾಂತರ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಇದು ಸಂಬಳವಿಲ್ಲದೆ ದುಡಿದ ವಿಧುರನೊಬ್ಬನ ಕಾಣಿಕೆಯೆಂದು ಗೊತ್ತು?

ಪುಸ್ತಕ, ಉಂಗುರ ಮತ್ತು ಹೋರಾಟ

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಸಚಿತ್ರ ಪುಸ್ತಕ ಪ್ರಕಟವಾಯಿತು. ಅದುವರೆಗೆ ಆಂಗ್ಲ ಅಧಿಕಾರಿಗಳ ವಿರಾಮದ ವಿದ್ಯೆಯಾಗಿದ್ದ ಪಕ್ಷಿವೀಕ್ಷಣೆಯನ್ನು ಆ ಪುಸ್ತಕ ಸಾಮಾನ್ಯ ಭಾರತೀಯರ ಕೈಗೆಟುಕಿಸಿತು. ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು ಅದನ್ನು ಮಗಳು ಇಂದಿರಾ ಅವರಿಗೆ ಕಳುಹಿಸಿಕೊಟ್ಟರು. ಅಮೆರಿಕದ ಡಿಲ್ಲನ್ ರಿಪ್ಲೆಯವರ ಜೊತೆಗೂಡಿ ರಚಿಸಿದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರ ಅವಧಿಯಲ್ಲಿ ಹೊರಬಂದಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ವಿಚಿತ್ರ ಜ್ವರ ಹರಡಿತು. ಇದನ್ನೇ ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಉತ್ತರದ ಸೈಬೀರಿಯದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ರೋಗಾಣುವನ್ನು ತಂದಿರಬಹುದೇ ಎಂಬ ಸಂಶಯ ವಿಜ್ಞಾನಿಗಳಿಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಉಂಗುರ ತೊಡಿಸಿ ಬಿಡುವ ಕಾರ್ಯ ನಡೆಯಿತು. ಹಕ್ಕಿಗಳೇ ರೋಗ ತಂದವೆಂಬುದು ಸಿದ್ಧವಾಗಲಿಲ್ಲ. ಆದರೆ ಆ ಉಂಗುರಗಳು ದೂರದೇಶಗಳಲ್ಲಿ ಸಿಕ್ಕಾಗ ಹಕ್ಕಿಗಳ ಆಕಾಶಮಾರ್ಗಗಳು ತಿಳಿದುಬಂದವು.

ರಾಜಸ್ಥಾನದ ಭರತಪುರದ ಕೇವಲಾದೇವ ಸರೋವರದಲ್ಲಿ 1938ರ ಒಂದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅವರ ಅತಿಥಿಗಳು 4,273 ಹಕ್ಕಿಗಳನ್ನು ಹೊಡೆದರೆಂದು ಅಲ್ಲಿನ ಕಲ್ಲಿನ ಮೇಲೆ ಕೆತ್ತಲಾಗಿದೆ. ಸ್ವಾತಂತ್ರ್ಯಾನಂತರ ಆ ನೀರನ್ನು ಬಸಿದು ಸಾಗುವಳಿಗೆ ಕೊಡಬೇಕೆಂಬ ಕೂಗೆದ್ದಿತು. ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರವರೆಗೆ ಹೋಗಿ ಅದನ್ನು ಉಳಿಸಿದರು. ಕೇರಳದ ಸೈಲೆಂಟ್ ವ್ಯಾಲಿಯ ಮಳೆಕಾಡು ಅಣೆಕಟ್ಟಿನಲ್ಲಿ ಮುಳುಗದಂತೆ ದನಿಯೆತ್ತಿದ ಹಿರಿಯರಲ್ಲಿಯೂ ಅವರಿದ್ದರು; 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಎಲ್ಲ ನಿರ್ಣಯಗಳೂ ಸರಿಯಾಗಿದ್ದವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಭರತಪುರದಲ್ಲಿ ದನ-ಎಮ್ಮೆಗಳ ಮೇಯಿಸುವಿಕೆ ನಿಲ್ಲಬೇಕೆಂಬುದು ಅವರ ಅಭಿಮತವೂ ಆಗಿತ್ತು. 1982ರಲ್ಲಿ ನಿಷೇಧ ಜಾರಿಗೆ ಬಂದಾಗ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ಪೋಲೀಸರ ಗುಂಡಿಗೆ ಜೀವಗಳು ಬಲಿಯಾದವು. ಎಮ್ಮೆಗಳು ಹೋದ ಮೇಲೆ ಹುಲ್ಲು ಎಗ್ಗಿಲ್ಲದೆ ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳಿಗೆ ತೊಡಕಾಯಿತು. ಇದನ್ನು ಕಂಡುಹಿಡಿದು ಪ್ರಕಟಿಸಿದ್ದು ಅವರದೇ ಸೊಸೈಟಿಯ ದೀರ್ಘಾವಧಿಯ ಅಧ್ಯಯನ. ತಾನು ನಂಬಿದ್ದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಬರೆದಿಡುವ ಸಂಸ್ಥೆಯನ್ನು ಬೆಳೆಸಿದ್ದು ಸಣ್ಣ ಸಾಧನೆಯಲ್ಲ. ಬಡವನ ಎಮ್ಮೆಯನ್ನು ಹೊರಗಟ್ಟಿ ಹಕ್ಕಿಯನ್ನು ಉಳಿಸಹೊರಟರೆ ಎರಡಕ್ಕೂ ಕೇಡಾದೀತೆಂಬ ಪಾಠವೂ ಅದರಲ್ಲಿದೆ.

1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಅವರನ್ನರಸಿ ಬಂದವು. ಪಾಲ್ ಗೆಟ್ಟಿ ವನ್ಯಜೀವಿ ಪ್ರಶಸ್ತಿಯ 50,000 ಡಾಲರುಗಳನ್ನು ಅವರು ನಿಸರ್ಗ ಸಂರಕ್ಷಣೆಯ ನಿಧಿಗೆ ಮೂಲಧನವಾಗಿಸಿದರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದರು.

ನಮ್ಮ ಎರೆ ಬಯಲು, ನಮ್ಮ ಹಿನ್ನೀರು

ಅವರಿಗೆ ಅತ್ಯಂತ ಪ್ರಿಯವಾಗಿದ್ದ ಹಕ್ಕಿಗಳಲ್ಲೊಂದು ನಮ್ಮ ಸೀಮೆಯದೇ ಆದ ಎರೆಭೂತ. ಹೆಸರೇ ಹೇಳುವಂತೆ ಎರೆ ಭೂಮಿಯ ಬಯಲಿನಲ್ಲಿ ಗಂಭೀರವಾಗಿ ನಡೆಯುವ ಈ ಭಾರಿ ಹಕ್ಕಿಯನ್ನೇ ರಾಷ್ಟ್ರಪಕ್ಷಿಯಾಗಿಸಬೇಕೆಂದು ಅವರು ವಾದಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಇಂಡಿಯಿಂದ ಭೀಮೆ ದಾಟಿದರೆ ಸಿಗುವ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಈ ಹಕ್ಕಿಗೆಂದೇ ಧಾಮವೊಂದು ಇದೆ. ರಾಣೆಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ಕಾಣುತ್ತಿದ್ದ ಎರೆಭೂತ, ನೀಲಗಿರಿ ತೋಪುಗಳು ಬೆಳೆದಂತೆ ಮರೆಯಾಯಿತು. ಇಂದು ಇಡೀ ದೇಶದಲ್ಲಿ ಇವುಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಮರ ನೆಡುವುದು ಪುಣ್ಯಕಾರ್ಯ. ವಿಜಯಪುರದಂಥ ಕಾಡಿಲ್ಲದ ಜಿಲ್ಲೆಯಲ್ಲಿ ಅದು ಅಗತ್ಯವೂ ಹೌದು. ಆದರೆ ಎಲ್ಲಿ ನೆಡಬೇಕು, ಯಾವ ಹುಲ್ಲುಗಾವಲನ್ನು ಹಾಗೆಯೇ ಬಿಡಬೇಕು ಎಂಬುದನ್ನು ಅರಿತು ನೆಡಬೇಕು. ಅರಿವಿಗೆ ಮೊದಲು ಬೇಕಾದದ್ದು ನೋಡುವ ತಾಳ್ಮೆ.

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೇ ಸೇರಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಬಂದ ಮೇಲೆ ವಿಶಾಲವಾದ ಹಿನ್ನೀರು ಉಂಟಾಗಿದೆ. ನಾರಾಯಣಪುರದ ಹಿನ್ನೀರು ಮುದ್ದೇಬಿಹಾಳ ತಾಲ್ಲೂಕಿನೊಳಕ್ಕೆ ಚಾಚಿದೆ. ಏತ ನೀರಾವರಿಯಿಂದ ಜಿಲ್ಲೆಯ ಅನೇಕ ಕೆರೆಗಳಿಗೆ ನೀರು ಬಂದಿದೆ. ನೀರು ಬಂದೆಡೆ ಹಕ್ಕಿ ಬರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆ. 1945ರಲ್ಲಿ ಕಚ್ಛದ ಮಹಾರಣ್‌ನಲ್ಲಿ ಸಲೀಂ ಅಲಿಯವರು ಲಕ್ಷಗಟ್ಟಲೆ ರಾಜಹಂಸಗಳ ಗೂಡುಗಳನ್ನು ಕಂಡು ಲೆಕ್ಕ ಬರೆದಿದ್ದರು. ಅದೇ ಕುಲದ ಹಕ್ಕಿಗಳು ಇಂದು ನಮ್ಮ ಮನೆಬಾಗಿಲಿಗೆ ಅತಿಥಿಗಳು.

ಸಲೀಂ ಅಲಿಯವರು ತೀರಿಕೊಂಡ 1987ನೆಯ ವರ್ಷದಲ್ಲಿಯೇ ನಮ್ಮ ಉಪಖಂಡದಲ್ಲಿ ಏಷ್ಯಾ ನೀರುಹಕ್ಕಿ ಗಣತಿ ಆರಂಭವಾಯಿತು. ಪ್ರತಿವರ್ಷ ಜನವರಿಯಲ್ಲಿ ಕೂಲಿಯ ಆಸೆಯಿಲ್ಲದ ಸ್ವಯಂಸೇವಕರು ಕೆರೆಕೆರೆಗೆ ಹೋಗಿ ಹಕ್ಕಿಗಳನ್ನು ಗುರುತಿಸಿ ಎಣಿಸುತ್ತಾರೆ. ಒಂದು ವರ್ಷದ ಎಣಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹತ್ತು, ಇಪ್ಪತ್ತು ವರ್ಷ ಅದೇ ಕೆರೆಯಲ್ಲಿ ಎಣಿಸಿದಾಗ ಯಾವ ಹಕ್ಕಿ ಕಡಿಮೆಯಾಯಿತು, ನೀರು ಎಲ್ಲಿ ಕೆಟ್ಟಿತು, ಯಾವ ಕೆರೆಗೆ ರಕ್ಷಣೆ ಬೇಕು ಎಂಬುದು ತಿಳಿಯುತ್ತದೆ. ಸರಕಾರದ ಮುಂದೆ ಬೇಡಿಕೆ ಇಡುವವನ ಕೈಯಲ್ಲಿ ಇಂಥ ಲೆಕ್ಕವಿದ್ದರೆ ಮಾತಿಗೆ ತೂಕ ಬರುತ್ತದೆ. ರಂಗನತಿಟ್ಟು ಉಳಿದದ್ದೂ ಕಣ್ಣಾರೆ ಕಂಡು ಬರೆದಿಟ್ಟವರೊಬ್ಬರು ಇದ್ದುದರಿಂದ. ಹೀಗೆ ನೋಡಿದರೆ ದಂಡೆಯ ಮೇಲೆ ನಿಂತು ಎಣಿಸುವವನು ಮಾತು ಬಾರದ ಜೀವಿಗಳ ಪರವಾಗಿ ಸಾಕ್ಷಿ ನುಡಿಯುವವನು. ನೆರೆಯವನ ಪರವಾಗಿ ಸಾಕ್ಷಿ ನುಡಿಯುವುದು ಸೇವೆಯಾದರೆ ಇದೂ ಸೇವೆಯೇ. ಬಸವಣ್ಣನವರು ಜನಿಸಿದ ಬಾಗೇವಾಡಿಯ ಸೀಮೆಯವರಿಗೆ ದುಡಿಮೆ ಮತ್ತು ದಾಸೋಹಗಳ ಸಂಬಂಧವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಪ್ರಿಯ ವಾಚಕರೇ, ಇದಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ದುರ್ಬೀನು, ಒಂದು ನೋಟುಪುಸ್ತಕ, ಒಂದು ಪಕ್ಷಿಪರಿಚಯದ ಪುಸ್ತಕವಿದ್ದರೆ ಊರಿನ ಶಾಲೆಯ ಮಕ್ಕಳೇ ಸಾಕು. ಕವಣೆ ಹಿಡಿದು ಗುಬ್ಬಿಗೆ ಗುರಿಯಿಡುವ ಹುಡುಗ ನಿಮ್ಮ ಮನೆಯಲ್ಲಿದ್ದರೆ ಅವನನ್ನು ಗದರಿ ಕೈಬಿಡಬೇಡಿರಿ. ಆ ಹಕ್ಕಿ ಯಾವುದೆಂದು ಅವನು ಕೇಳಿದರೆ, ತಿಳಿದಿದ್ದರೆ ಹೇಳಿರಿ. ತಿಳಿಯದಿದ್ದರೆ ಅಮೀರುದ್ದೀನ್ ತ್ಯಾಬ್ಜಿಯವರು ಮಾಡಿದಂತೆ ತಿಳಿದವರಲ್ಲಿಗೆ ಕಳುಹಿಸಿರಿ. ಬರುವ ಜನವರಿಯ ಒಂದು ಮುಂಜಾನೆ ನಿಮ್ಮೂರಿನ ಕೆರೆಗೆ ಅವನೊಡನೆ ನೀವೂ ಹೋಗಿರಿ.